ಬಿಯರ್ ಕಾರ್ಖಾನೆಯಲ್ಲಿ ಹುಟ್ಟಿದ ತಕ್ಕಡಿ: ಟಿ ಪರೀಕ್ಷೆಯ ಕಥೆ

ಎರಡು ಗುಂಪುಗಳನ್ನು ಹೋಲಿಸಿ ಮಾತನಾಡುವುದು ಮನುಷ್ಯರ ಹಳೆಯ ಅಭ್ಯಾಸ. ಆ ಊರಿನವರು ಜಗಳಗಂಟರು, ಈ ಊರಿನವರು ಸಾಧು ಜನ. ಹಿಂದಿನ ಮೇಷ್ಟರ ಕೈಯಲ್ಲಿ ಕಲಿತವರು ಲೆಕ್ಕದಲ್ಲಿ ಚುರುಕು, ಈಗಿನ ಮೇಷ್ಟರ ಕೈಯಲ್ಲಿ ಕಲಿತವರು ಮಂದ. ಆ ಮಾತ್ರೆ ನುಂಗಿದವರಿಗೆ ಸೊಂಪಾದ ನಿದ್ದೆ, ಈ ಮಾತ್ರೆ ನುಂಗಿದವರಿಗೆ ಬರೀ ಹೊರಳಾಟ. ಜಗಲಿಯ ಮೇಲೆ ಕುಳಿತು ಆಡುವ ಇಂಥ ಮಾತುಗಳಿಗೆ ಯಾರೂ ಪುರಾವೆ ಕೇಳುವುದಿಲ್ಲ. ಕೇಳಿದರೂ ನಾಲ್ಕು ಜನರ ಹೆಸರು ಹೇಳಿ ಬಾಯಿ ಮುಚ್ಚಿಸುವುದು ಕಷ್ಟವಲ್ಲ. ಆದರೆ ಇದೇ ಮಾತು ವಿಜ್ಞಾನದ ಹೆಸರಿನಲ್ಲಿ ಬಂದಾಗ ಅದರ ತೂಕವೇ ಬೇರೆ. ಅದನ್ನು ನಂಬಿ ವೈದ್ಯರು ಔಷಧ ಬರೆಯುತ್ತಾರೆ, ಶಾಲೆಗಳು ಪಾಠ ಹೇಳುವ ಕ್ರಮ ಬದಲಿಸುತ್ತವೆ, ಸರ್ಕಾರಗಳು ಹಣ ಮಂಜೂರು ಮಾಡುತ್ತವೆ. ಒಮ್ಮೊಮ್ಮೆ ಇಡೀ ಒಂದು ಜನಸಮುದಾಯದ ಹಣೆಗೆ ‘ಬುದ್ಧಿ ಕಡಿಮೆ’ ಎಂಬ ಚೀಟಿ ಅಂಟಿಬಿಡುತ್ತದೆ. ಆದ್ದರಿಂದ ಕೇಳಲೇಬೇಕಾದ ಪ್ರಶ್ನೆಯೊಂದಿದೆ. ಎರಡು ಗುಂಪುಗಳ ನಡುವೆ ಕಂಡ ಅಂತರ ನಿಜವಾಗಿ ಇರುವಂಥದೋ, ಅಥವಾ ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎನ್ನುವಂಥ ಕಾಕತಾಳೀಯವೋ?

ಮನಃಶಾಸ್ತ್ರ, ಶಿಕ್ಷಣಶಾಸ್ತ್ರ ಮುಂತಾದ ವರ್ತನ ವಿಜ್ಞಾನಗಳು ಈ ಪ್ರಶ್ನೆಯನ್ನು ಎದುರಿಸಲು ಬಳಸುವ ಸಲಕರಣೆಗಳಲ್ಲಿ ಬಹು ಮುಖ್ಯವಾದದ್ದು ‘ಟಿ ಪರೀಕ್ಷೆ’. ಕಾಲೇಜಿನಲ್ಲಿ ಮನಃಶಾಸ್ತ್ರ ಓದಿದ ಕೇಳುಗರಿಗೆ ಈ ಹೆಸರು ನೆನಪಿದ್ದೀತು. ಸೂತ್ರವನ್ನು ಬಾಯಿಪಾಠ ಮಾಡಿ, ಪುಸ್ತಕದ ಕೊನೆಯ ಕೋಷ್ಟಕ ನೋಡಿ, ‘ಅಂತರ ಸಾರ್ಥಕ’ ಎಂದೋ ‘ಸಾರ್ಥಕವಲ್ಲ’ ಎಂದೋ ಬರೆದು ಮುಗಿಸಿದ ನೆನಪೂ ಇದ್ದೀತು. ಈ ಸೂತ್ರ ಹುಟ್ಟಿದ್ದು ಮನಃಶಾಸ್ತ್ರದ ಪ್ರಯೋಗಶಾಲೆಯಲ್ಲಲ್ಲ, ಬಿಯರ್ ತಯಾರಿಸುವ ಕಾರ್ಖಾನೆಯಲ್ಲಿ. ಸೂತ್ರ ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವನೂ ಅದನ್ನು ಕಟ್ಟಿದವನೇ.

ಅನ್ನದ ಅಗುಳೂ ಬಾರ್ಲಿಯ ಕಾಳೂ

ವಿಲಿಯಂ ಸೀಲಿ ಗೊಸೆಟ್ ಹುಟ್ಟಿದ್ದು 1876ರಲ್ಲಿ, ಇಂಗ್ಲೆಂಡಿನ ಕ್ಯಾಂಟರ್‌ಬರಿಯಲ್ಲಿ. ಆಕ್ಸ್‌ಫರ್ಡ್‌ನಲ್ಲಿ ಗಣಿತ ಮತ್ತು ರಸಾಯನಶಾಸ್ತ್ರ ಓದಿ, 1899ರಲ್ಲಿ ಐರ್ಲೆಂಡಿನ ಡಬ್ಲಿನ್ ನಗರದ ಗಿನ್ನೆಸ್ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ. ಬಿಯರಿಗೆ ಬೇಕಾದ ಬಾರ್ಲಿಯಲ್ಲಿ ಯಾವ ತಳಿ ಮೇಲು, ಯಾವ ಗೊಬ್ಬರ ಹಾಕಿದರೆ ಇಳುವರಿ ಹೆಚ್ಚು ಎಂಬಂಥ ಪ್ರಶ್ನೆಗಳು ಅಲ್ಲಿ ದಿನನಿತ್ಯ ಏಳುತ್ತಿದ್ದವು. ಆದರೆ ಬಾರ್ಲಿಯ ಒಂದು ಪ್ರಯೋಗಕ್ಕೆ ಒಂದು ಇಡೀ ಬೆಳೆ ಕಾಯಬೇಕು. ಹೀಗಾಗಿ ಗೊಸೆಟ್‌ನ ಕೈಗೆ ಸಿಗುತ್ತಿದ್ದ ಅಂಕಿಗಳು ನಾಲ್ಕೋ, ಆರೋ, ಹೆಚ್ಚೆಂದರೆ ಹತ್ತೋ. ಅಂದಿನ ಸಂಖ್ಯಾಶಾಸ್ತ್ರವಾದರೋ ದೊಡ್ಡ ರಾಶಿಗಳ ಶಾಸ್ತ್ರವಾಗಿತ್ತು. ಲಂಡನ್ನಿನಲ್ಲಿ ಅದರ ಹಿರಿಯಾಳಾಗಿದ್ದ ಕಾರ್ಲ್ ಪಿಯರ್‌ಸನ್ ನೂರಾರು, ಸಾವಿರಾರು ಅಳತೆಗಳನ್ನು ಕಲೆಹಾಕಿ ಲೆಕ್ಕ ಹಾಕುತ್ತಿದ್ದವನು. ಗೊಸೆಟ್ 1905ರಲ್ಲಿ ಆತನನ್ನು ಕಂಡ. 1906-07ರಲ್ಲಿ ಕಾರ್ಖಾನೆಯ ಅನುಮತಿ ಪಡೆದು ಆತನ ಬಳಿ ಅಧ್ಯಯನವನ್ನೂ ಮಾಡಿದ. ಅಷ್ಟು ಕಡಿಮೆ ಅಂಕಿಗಳೊಡನೆ ಹೆಣಗಾಡುವುದು ತುಂಟ ಬಿಯರ್ ತಯಾರಕರ ಕೆಲಸವೆಂದು ಪಿಯರ್‌ಸನ್ ಮುಂದೊಮ್ಮೆ ತಮಾಷೆ ಮಾಡಿದ್ದುಂಟು.

ಕಡಿಮೆ ಅಂಕಿಗಳಿದ್ದರೆ ತೊಂದರೆಯೇನು? ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಚುಕಿ ನೋಡಿದರೆ ಸಾಕು ಎನ್ನುತ್ತಾರೆ. ಒಂದೇ ಪಾತ್ರೆಯಲ್ಲಿ, ಒಂದೇ ಉರಿಯಲ್ಲಿ ಬೆಂದ ಅಗುಳುಗಳಿಗೆ ಈ ಮಾತು ಒಪ್ಪುತ್ತದೆ. ಹೊಲಗಳು ಹಾಗಲ್ಲ, ಮನುಷ್ಯರಂತೂ ಅಲ್ಲವೇ ಅಲ್ಲ. ಒಬ್ಬರಿಗೂ ಇನ್ನೊಬ್ಬರಿಗೂ ಎಷ್ಟು ವ್ಯತ್ಯಾಸವಿದೆ ಎಂಬುದು ಮೊದಲು ತಿಳಿದರೆ ತಾನೆ ಸರಾಸರಿಯನ್ನು ಎಷ್ಟು ನಂಬಬಹುದೆಂದು ಹೇಳುವುದು? ಸಂಖ್ಯಾಶಾಸ್ತ್ರಜ್ಞರು ಈ ಏರುಪೇರನ್ನು ‘ಮಾನಕ ವಿಚಲನೆ’ ಎಂಬ ಅಳತೆಯಿಂದ ಸೂಚಿಸುತ್ತಾರೆ. ಸಾವಿರ ಜನರನ್ನು ಅಳೆದಾಗ ಅದು ಹೆಚ್ಚುಕಡಿಮೆ ಸರಿಯಾಗಿಯೇ ಸಿಗುತ್ತದೆ. ನಾಲ್ಕೇ ಜನರನ್ನು ಅಳೆದಾಗ ಆ ಅಳತೆಯೇ ಮೋಸ ಮಾಡಬಹುದು. ಅಕಸ್ಮಾತ್ ನಾಲ್ವರೂ ಒಂದೇ ತೆರನಾಗಿದ್ದರೆ ಜಗತ್ತಿನಲ್ಲಿ ಏರುಪೇರೇ ಇಲ್ಲವೆಂಬ ಭ್ರಮೆ ಹುಟ್ಟಿ, ಸಣ್ಣದೊಂದು ಅಂತರವೂ ದೊಡ್ಡ ಸತ್ಯದಂತೆ ಕಾಣುತ್ತದೆ.

ಅಂಕಿಗಳು ಕಡಿಮೆಯಾದಷ್ಟೂ ಅನುಮಾನ ಎಷ್ಟರಮಟ್ಟಿಗೆ ಹೆಚ್ಚಬೇಕು ಎಂಬುದನ್ನು ಗೊಸೆಟ್ ಲೆಕ್ಕ ಹಾಕಿದ. ಗಣಿತದಿಂದ ಬಂದ ಉತ್ತರವನ್ನು ಕೈಯಾರೆ ಪರೀಕ್ಷಿಸಿಯೂ ನೋಡಿದ. ಇಂಗ್ಲೆಂಡಿನ 3000 ಕೈದಿಗಳ ಎತ್ತರ ಮತ್ತು ಎಡಗೈ ನಡುಬೆರಳಿನ ಉದ್ದದ ಅಳತೆಗಳು ಆಗಲೇ ಪ್ರಕಟವಾಗಿದ್ದವು. ಆತ ಅವನ್ನು 3000 ರಟ್ಟಿನ ಚೀಟಿಗಳ ಮೇಲೆ ಬರೆದು, ಇಸ್ಪೀಟು ಎಲೆಗಳಂತೆ ಚೆನ್ನಾಗಿ ಕಲೆಸಿ, ನಾಲ್ಕು ನಾಲ್ಕರಂತೆ 750 ಗುಂಪು ಮಾಡಿದ. ಒಂದೇ ರಾಶಿಯಿಂದ ಬಂದ ಈ ಗುಂಪುಗಳ ಸರಾಸರಿಗಳು ಬರೀ ಅದೃಷ್ಟದಾಟದಿಂದ ಎಷ್ಟೆಷ್ಟು ಅತ್ತಿತ್ತ ಓಲಾಡುತ್ತವೆ ಎಂದು ಪಟ್ಟಿ ಮಾಡಿದ. ಗಣಿತದ ಉತ್ತರವೂ ಚೀಟಿಗಳ ಉತ್ತರವೂ ಹೊಂದಿಕೊಂಡವು.

ಈ ಕೆಲಸ 1908ರಲ್ಲಿ ಪಿಯರ್‌ಸನ್ ಸಂಪಾದಕನಾಗಿದ್ದ ‘ಬಯೋಮೆಟ್ರಿಕ’ ಪತ್ರಿಕೆಯಲ್ಲಿ ಪ್ರಕಟವಾಯಿತು. ಲೇಖಕನ ಹೆಸರಿನ ಜಾಗದಲ್ಲಿದ್ದದ್ದು ‘ಸ್ಟೂಡೆಂಟ್’, ಅಂದರೆ ವಿದ್ಯಾರ್ಥಿ. ವ್ಯಾಪಾರದ ಗುಟ್ಟು ಹೊರಬೀಳಬಾರದೆಂದು ಕಾರ್ಖಾನೆ ತನ್ನ ನೌಕರರು ಸ್ವಂತ ಹೆಸರಿನಲ್ಲಿ ಬರೆಯುವುದನ್ನು ನಿರ್ಬಂಧಿಸಿತ್ತು. ಅಂದು ಮರೆಗಾಗಿ ಇಟ್ಟುಕೊಂಡ ಈ ಹೆಸರೇ ಮುಂದೆ ‘ಸ್ಟೂಡೆಂಟ್‌ನ ಟಿ’ ಎಂದು ಜಗತ್ತಿನ ಪಠ್ಯಪುಸ್ತಕಗಳಲ್ಲೆಲ್ಲ ಉಳಿಯಿತು. ಮೂಲ ಲೇಖನದಲ್ಲಿ ಇದ್ದ ಅಕ್ಷರ ಜೆಡ್. ಟಿ ಬಂದದ್ದು 1920ರ ದಶಕದಲ್ಲಿ, ಆರ್. ಎ. ಫಿಶರ್ ಎಂಬ ಮೇಧಾವಿ ಇದೇ ವಿಚಾರವನ್ನು ಎರಡು ಬೇರೆ ಬೇರೆ ಗುಂಪುಗಳ ಹೋಲಿಕೆಗೂ ವಿಸ್ತರಿಸಿದಾಗ.

ಹತ್ತು ಮಂದಿಯ ನಿದ್ದೆ

ಟಿ ಎಂದರೇನೆಂದು ಸರಳವಾಗಿ ಹೇಳಬಹುದು. ಸಂತೆಯಲ್ಲಿ ಒಬ್ಬರು ಕೂಗಿದ್ದು ಕೇಳಿಸಬೇಕಾದರೆ ಅವರ ದನಿ ಸುತ್ತಲಿನ ಗದ್ದಲಕ್ಕಿಂತ ಎಷ್ಟೋ ಪಾಲು ಜೋರಾಗಿರಬೇಕು. ಇಲ್ಲಿ ಎರಡು ಸರಾಸರಿಗಳ ಅಂತರವೇ ದನಿ. ಬರೀ ಆಕಸ್ಮಿಕದಿಂದ ಆ ಅಂತರ ಎಷ್ಟು ಅಲುಗಾಡಬಹುದು ಎಂಬುದೇ ಗದ್ದಲ. ದನಿಯನ್ನು ಗದ್ದಲದಿಂದ ಭಾಗಿಸಿದರೆ ಬರುವ ಸಂಖ್ಯೆ ಟಿ. ಒಂದು ಗುಂಪಿನ ಒಳಗಿನ ಏರುಪೇರು ಹೆಚ್ಚಿದರೆ ಗದ್ದಲ ಹೆಚ್ಚುತ್ತದೆ. ಜನರ ಸಂಖ್ಯೆ ಹೆಚ್ಚಿದರೆ ಗದ್ದಲ ತಗ್ಗುತ್ತದೆ. ನಿಜದಲ್ಲಿ ಅಂತರವೇನೂ ಇಲ್ಲದಿದ್ದರೂ 20ರಲ್ಲಿ ಒಂದು ಬಾರಿ ಆಕಸ್ಮಿಕವಾಗಿ ದಾಟಬಹುದಾದ ಗೆರೆಯನ್ನು ಕೋಷ್ಟಕ ತಿಳಿಸುತ್ತದೆ. ಒಂದೇ ಸಾಲಿನ ಅಂಕಿಗಳನ್ನು ಪರೀಕ್ಷಿಸುವಾಗ, ಅವು ಸಾವಿರಾರು ಇದ್ದರೆ ಆ ಗೆರೆ 1.96. ಹತ್ತೇ ಇದ್ದರೆ 2.26. ಐದೇ ಇದ್ದರೆ 2.78. ಮೂರೇ ಇದ್ದರೆ 4.30. ಸಾಕ್ಷಿಗಳು ಕಡಿಮೆಯಾದಂತೆ ನ್ಯಾಯಾಧೀಶ ಹೆಚ್ಚು ಬಿಗಿಯಾಗುತ್ತಾನೆ. ಗೊಸೆಟ್‌ನ ಕೊಡುಗೆಯ ಸಾರವೇ ಇದು.

ಆ 1908ರ ಲೇಖನದಲ್ಲಿ ಗೊಸೆಟ್ ಉದಾಹರಣೆಗೆ ಎತ್ತಿಕೊಂಡದ್ದು ಬಾರ್ಲಿಯೊಂದನ್ನೇ ಅಲ್ಲ, ಮನುಷ್ಯರ ನಿದ್ದೆಯನ್ನೂ. ಅಮೆರಿಕದ ಮಿಶಿಗನ್ ರಾಜ್ಯದ ಕಲಮಜೂ ಎಂಬಲ್ಲಿನ ಮಾನಸಿಕ ರೋಗಿಗಳ ಆಸ್ಪತ್ರೆಯಲ್ಲಿ ಹತ್ತು ರೋಗಿಗಳಿಗೆ ನಿದ್ದೆಯ ಔಷಧಗಳನ್ನು ಕೊಟ್ಟು, ಔಷಧವಿಲ್ಲದ ರಾತ್ರಿಗಳಿಗಿಂತ ಎಷ್ಟು ಹೊತ್ತು ಹೆಚ್ಚು ಮಲಗಿದರು ಎಂದು ಬರೆದಿಡಲಾಗಿತ್ತು. ಕುಶ್ನಿ ಮತ್ತು ಪೀಬಲ್ಸ್ ಎಂಬ ಸಂಶೋಧಕರು ಇದನ್ನು 1905ರಲ್ಲಿ ಪ್ರಕಟಿಸಿದ್ದರು. ಮೊದಲನೆಯ ಔಷಧದಿಂದ ದೊರೆತ ಹೆಚ್ಚುವರಿ ನಿದ್ದೆ ಸರಾಸರಿ 0.75 ಗಂಟೆ, ಎರಡನೆಯದರಿಂದ 2.33 ಗಂಟೆ. ಅಂತರ 1.58 ಗಂಟೆ.

ಈ ಇಪ್ಪತ್ತು ಅಂಕಿಗಳನ್ನು ಇಪ್ಪತ್ತು ಬೇರೆ ಬೇರೆ ಜನರದೆಂದು ತಿಳಿದು ಎರಡು ಗುಂಪುಗಳಾಗಿ ಹೋಲಿಸಿದರೆ ಟಿ ಬೆಲೆ 1.86 ಬರುತ್ತದೆ. ಆಗ ದಾಟಬೇಕಾದ ಗೆರೆ 2.10. ಅಂದರೆ ಅಂತರ ಆಕಸ್ಮಿಕವಿದ್ದರೂ ಇರಬಹುದು ಎಂದು ಸುಮ್ಮನಾಗಬೇಕಾಗುತ್ತದೆ. ಆದರೆ ಎರಡೂ ಔಷಧ ತೆಗೆದುಕೊಂಡವರು ಅದೇ ಹತ್ತು ಮಂದಿ. ಒಬ್ಬೊಬ್ಬರನ್ನೂ ಅವರವರೊಡನೆಯೇ ಹೋಲಿಸಿದರೆ ಚಿತ್ರ ಬದಲಾಗುತ್ತದೆ. ಹತ್ತರಲ್ಲಿ ಒಂಬತ್ತು ಮಂದಿಗೆ ಎರಡನೆಯ ಔಷಧದಿಂದಲೇ ಹೆಚ್ಚು ನಿದ್ದೆ. ಉಳಿದ ಒಬ್ಬರಿಗೆ ಎರಡೂ ಸಮ. ಹೀಗೆ ಜೋಡಿಯಾಗಿ ಲೆಕ್ಕ ಹಾಕಿದರೆ ಟಿ 4.06. ಗೆರೆ 2.26. ಈಗ ಅನುಮಾನಕ್ಕೆ ಹೆಚ್ಚು ಎಡೆಯಿಲ್ಲ.

ಅಂಕಿಗಳು ಅವೇ, ಸರಾಸರಿಗಳೂ ಅವೇ. ಉತ್ತರ ಮಾತ್ರ ಬೇರೆ. ಕಾರಣವಿಷ್ಟೆ: ನಿದ್ದೆಯಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಅಜಗಜಾಂತರ. ಮೊದಲನೆಯ ಔಷಧದಿಂದಲೇ ಒಬ್ಬರಿಗೆ 3.7 ಗಂಟೆ ಹೆಚ್ಚು ನಿದ್ದೆ ಬಂದರೆ ಇನ್ನೊಬ್ಬರಿಗೆ 1.6 ಗಂಟೆ ನಿದ್ದೆ ಕಡಿಮೆಯಾಗಿತ್ತು. ಬೇರೆ ಬೇರೆ ಗುಂಪುಗಳೆಂದು ಬಗೆದಾಗ ಈ ಏರುಪೇರೆಲ್ಲ ಗದ್ದಲವಾಗಿ ಸೇರಿಕೊಳ್ಳುತ್ತದೆ. ವ್ಯಕ್ತಿಯನ್ನು ಅವರೊಡನೆಯೇ ಹೋಲಿಸಿದಾಗ ಅದು ಕಳೆದುಹೋಗುತ್ತದೆ. ಪ್ರಯೋಗ ಹೇಗೆ ನಡೆಯಿತು ಎಂಬುದನ್ನು ತಿಳಿಯದೆ ಸೂತ್ರಕ್ಕೆ ಕೈಹಾಕಿದರೆ ಸರಿಯಾದ ಅಂಕಿಗಳಿಂದಲೂ ತಪ್ಪು ಉತ್ತರ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಈ ಉದಾಹರಣೆಗೆ ಇನ್ನೊಂದು ಬಾಲವೂ ಇದೆ. ಇವು ಒಂದೇ ಔಷಧದ ಎರಡು ರೂಪಗಳೆಂದು ಗೊಸೆಟ್ ಬರೆದಿದ್ದ. ವಾಸ್ತವದಲ್ಲಿ ಅವು ಹಯೋಸೈಮಿನ್ ಮತ್ತು ಹಯೋಸಿನ್ ಎಂಬ ಎರಡು ಬೇರೆ ಔಷಧಗಳು. ಫಿಶರ್ 1925ರಲ್ಲಿ ಬರೆದ ಪ್ರಸಿದ್ಧ ಪುಸ್ತಕದಲ್ಲೂ ಇದೇ ತಪ್ಪು ಮುಂದುವರಿಯಿತು. ಟಿ ಬೆಲೆ ಮಾತ್ರ ಒಂದಿಷ್ಟೂ ಬದಲಾಗಲಿಲ್ಲ. ಅಂಕಿಯ ಮೇಲೆ ಅಂಟಿಸಿದ ಹೆಸರು ಸರಿಯೋ ತಪ್ಪೋ ಎಂಬುದು ಸೂತ್ರಕ್ಕೆ ತಿಳಿಯುವುದಿಲ್ಲ.

ಹಾಲು ಕುಡಿದ ಹತ್ತು ಸಾವಿರ ಮಕ್ಕಳು

ಅಂಕಿಗಳು ಕಡಿಮೆಯಿದ್ದಾಗ ಎಚ್ಚರ ಬೇಕು, ಸರಿ. ಹೇರಳವಾಗಿದ್ದರೆ ನಿಶ್ಚಿಂತೆಯಿಂದ ಇರಬಹುದೇ? 1930ರಲ್ಲಿ ಸ್ಕಾಟ್ಲೆಂಡಿನ ಲ್ಯಾನರ್ಕ್‌ಶೈರ್ ಪ್ರಾಂತದಲ್ಲಿ ನಡೆದ ಪ್ರಯೋಗ ಈ ಪ್ರಶ್ನೆಗೆ ಉತ್ತರ ಹೇಳುತ್ತದೆ. ಶಾಲೆಯಲ್ಲಿ ದಿನವೂ ಹಾಲು ಕೊಟ್ಟರೆ ಮಕ್ಕಳು ಹೆಚ್ಚು ಬೆಳೆಯುತ್ತಾರೆಯೇ ಎಂದು ತಿಳಿಯಲು 67 ಶಾಲೆಗಳ 20,000 ಮಕ್ಕಳನ್ನು ಆರಿಸಲಾಯಿತು. 10,000 ಮಕ್ಕಳಿಗೆ ನಾಲ್ಕು ತಿಂಗಳು ಹಾಲು. 5000 ಮಂದಿಗೆ ಹಸಿ ಹಾಲು, 5000 ಮಂದಿಗೆ ಪಾಶ್ಚೀಕರಿಸಿದ್ದು. ಉಳಿದ 10,000 ಮಕ್ಕಳಿಗೆ ಹಾಲಿಲ್ಲ. ಫೆಬ್ರವರಿಯಲ್ಲಿ ಒಮ್ಮೆ, ಜೂನ್‌ನಲ್ಲಿ ಒಮ್ಮೆ ಎತ್ತರ, ತೂಕ ನೋಡಲಾಯಿತು. ಇಷ್ಟು ದೊಡ್ಡ ಸಂಖ್ಯೆ ಕಂಡರೆ ಯಾವ ಪರೀಕ್ಷೆಯೂ ತಲೆಬಾಗುತ್ತದೆ.

ಗೊಸೆಟ್ ಮಾತ್ರ ತಲೆಬಾಗಲಿಲ್ಲ. 1931ರಲ್ಲಿ ಆತ ಈ ಪ್ರಯೋಗವನ್ನು ಬಿಡಿಬಿಡಿಯಾಗಿ ಪರಿಶೀಲಿಸಿ ಬರೆದ. ಯಾವ ಮಗುವಿಗೆ ಹಾಲು, ಯಾವುದಕ್ಕೆ ಇಲ್ಲ ಎಂಬುದನ್ನು ಮೊದಲು ಚೀಟಿ ಎತ್ತಿಯೋ ಹೆಸರಿನ ಅಕ್ಷರ ನೋಡಿಯೋ ನಿರ್ಧರಿಸಲಾಗಿತ್ತು. ಒಂದು ಗುಂಪಿನಲ್ಲಿ ಪುಷ್ಟ ಮಕ್ಕಳೋ ಬಡಕಲು ಮಕ್ಕಳೋ ಅತಿಯಾಗಿ ಸೇರಿಕೊಂಡಂತೆ ಕಂಡರೆ ಸರಿದೂಗಿಸಲು ಅದಲುಬದಲು ಮಾಡಬಹುದೆಂಬ ಅವಕಾಶವನ್ನೂ ಶಾಲೆಗಳಿಗೆ ಕೊಡಲಾಗಿತ್ತು. ಮೇಷ್ಟರುಗಳೂ ಮನುಷ್ಯರೇ. ಎದುರಿಗೆ ನಿಂತ ಬಡಕಲು ಮಗುವಿಗೆ ಹಾಲು ತಪ್ಪಿಸಲು ಯಾರ ಮನಸ್ಸು ಒಪ್ಪೀತು? ಫಲಿತಾಂಶ ನೋಡಿದಾಗ ಹಾಲು ಕುಡಿಯದ ಗುಂಪಿನ ಮಕ್ಕಳು ಆರಂಭದಲ್ಲಿಯೇ ತೂಕದಲ್ಲಿ ಸುಮಾರು ಮೂರು ತಿಂಗಳ, ಎತ್ತರದಲ್ಲಿ ಸುಮಾರು ನಾಲ್ಕು ತಿಂಗಳ ಬೆಳವಣಿಗೆಯಷ್ಟು ಮುಂದಿದ್ದರು. ಅಳೆಯುವ ಮೊದಲೇ ಎರಡು ಗುಂಪುಗಳು ಬೇರೆ ಬೇರೆಯಾಗಿದ್ದವು.

ಆತ ಕಂಡ ಇನ್ನೊಂದು ಸೂಕ್ಷ್ಮ ಬಟ್ಟೆಯದು. ಮಕ್ಕಳ ತೂಕ ನೋಡಿದ್ದು ಬಟ್ಟೆ ಸಮೇತ. ಫೆಬ್ರವರಿಯ ಚಳಿಯಲ್ಲಿ ಉಳ್ಳವರ ಮಕ್ಕಳು ದಪ್ಪ ಬಟ್ಟೆ ತೊಟ್ಟಿದ್ದು ಜೂನ್ ವೇಳೆಗೆ ಅದನ್ನು ಕಳಚಿರುತ್ತಾರೆ. ಬಡವರ ಮಕ್ಕಳಿಗೆ ಕಳಚಲು ಹೆಚ್ಚೇನೂ ಇರುವುದಿಲ್ಲ. ಹಾಲಿನ ಗುಂಪಿನಲ್ಲಿ ಬಡ ಮಕ್ಕಳು ಹೆಚ್ಚಿದ್ದರೆ, ಹಾಲಿನಿಂದ ಹೆಚ್ಚಿತೆಂದು ತೋರುವ ತೂಕದಲ್ಲಿ ಒಂದು ಪಾಲು ಬರೀ ಬಟ್ಟೆಯ ಲೆಕ್ಕ. ಜೊತೆಗೆ ಒಂದೊಂದು ಶಾಲೆಗೆ ಒಂದೇ ಬಗೆಯ ಹಾಲು ಹೋಗಿದ್ದರಿಂದ ಹಸಿ ಹಾಲಿಗೂ ಪಾಶ್ಚೀಕರಿಸಿದ ಹಾಲಿಗೂ ಇರುವ ವ್ಯತ್ಯಾಸವನ್ನು ಶಾಲೆ ಶಾಲೆಯ ವ್ಯತ್ಯಾಸದಿಂದ ಬಿಡಿಸಿ ತೆಗೆಯುವಂತಿರಲಿಲ್ಲ. ಐವತ್ತು ಜೊತೆ ಏಕರೂಪಿ ಅವಳಿ ಮಕ್ಕಳನ್ನು ಹುಡುಕಿ, ಪ್ರತಿ ಜೊತೆಯಲ್ಲಿ ಒಂದಕ್ಕೆ ಮಾತ್ರ ಹಾಲು ಕೊಟ್ಟಿದ್ದರೆ 20,000 ಮಕ್ಕಳಿಗಿಂತ ಹೆಚ್ಚು ನಂಬಬಹುದಾದ ಉತ್ತರ ಸಿಗುತ್ತಿತ್ತು ಎಂಬುದು ಗೊಸೆಟ್‌ನ ಅಭಿಪ್ರಾಯ. ನಿದ್ದೆಯ ಹತ್ತು ಜೋಡಿಗಳಿಂದ ಕಲಿತ ಪಾಠವನ್ನೇ ಆತ ಇಲ್ಲಿಯೂ ಹೇಳಿದ.

ವರ್ತನ ವಿಜ್ಞಾನಕ್ಕೆ ಇದು ದೂರದ ಕಥೆಯಲ್ಲ. ಸಂಜೆಯ ವಿಶೇಷ ತರಗತಿಗೆ ತಾವಾಗಿ ಬಂದ ಮಕ್ಕಳನ್ನು ಬಾರದ ಮಕ್ಕಳೊಡನೆ, ಧ್ಯಾನ ಮಾಡಲು ಒಪ್ಪಿದವರನ್ನು ಒಪ್ಪದವರೊಡನೆ ಹೋಲಿಸಿದಾಗಲೆಲ್ಲ ಇದೇ ತೊಡಕು. ತಾನಾಗಿ ಬರುವವರು ಮೊದಲಿನಿಂದಲೂ ಬೇರೆಯೇ ಇದ್ದಿರಬಹುದು. ಟಿ ಪರೀಕ್ಷೆ ಆಕಸ್ಮಿಕದ ಆಟವನ್ನು ಅಳೆಯುತ್ತದೆ; ಗುಂಪು ಕಟ್ಟುವಾಗ ಆದ ಪಕ್ಷಪಾತವನ್ನು, ಅದು ಕರುಣೆಯಿಂದಲೇ ಆಗಿರಲಿ, ಅಳೆಯುವುದಿಲ್ಲ.

ಇಪ್ಪತ್ತಕ್ಕೆ ಒಂದರ ಗೆರೆ

ಫಿಶರ್‌ನ 1925ರ ಪುಸ್ತಕ ಸಂಶೋಧಕರ ಕೈಪಿಡಿಯಾಯಿತು. 20ಕ್ಕೆ ಒಂದು, ಅಂದರೆ 0.05 ಎಂಬ ಅನುಕೂಲದ ಗೆರೆಯೂ ಅದರಿಂದಲೇ ಪ್ರಚಾರ ಪಡೆಯಿತು. ಮುಂದಿನ ಎರಡು ಮೂರು ದಶಕಗಳಲ್ಲಿ ಮನಃಶಾಸ್ತ್ರದ ಪತ್ರಿಕೆಗಳಲ್ಲಿ ಅದು ಹೊಸ್ತಿಲಾಯಿತು. ಗೆರೆ ದಾಟಿದ ಸಂಶೋಧನೆ ಒಳಗೆ, ದಾಟದ್ದು ಹೊರಗೆ. ಎಷ್ಟು ಖಚಿತತೆ ಬೇಕೆಂಬುದು ಕೈಯಲ್ಲಿರುವ ಕೆಲಸದ ಲಾಭನಷ್ಟವನ್ನು ಅವಲಂಬಿಸಿದ್ದು ಎಂಬ ಗೊಸೆಟ್‌ನ ವ್ಯವಹಾರಜ್ಞಾನ ಹಿಂದೆ ಸರಿಯಿತು.

ಈ ಗೆರೆಯ ಅರ್ಥವನ್ನೂ ಬಹಳ ಜನ ತಪ್ಪಾಗಿ ತಿಳಿದರು. ‘0.05 ಬಂದಿದೆ, ಆದ್ದರಿಂದ ನಮ್ಮ ಮಾತು ನಿಜವಾಗುವ ಸಾಧ್ಯತೆ ನೂರಕ್ಕೆ 95’ ಎಂದು ಹೇಳುವುದು ಸರಿಯಲ್ಲ. ಅಂತರವೇ ಇಲ್ಲವೆಂದು ಇಟ್ಟುಕೊಂಡರೆ ಇಷ್ಟು ಅಥವಾ ಇದಕ್ಕಿಂತ ದೊಡ್ಡ ಅಂತರ ನೂರಕ್ಕೆ ಐದು ಸಲ ಆಕಸ್ಮಿಕವಾಗಿ ಕಾಣಬಹುದು ಎಂಬಷ್ಟೇ ಅದರ ಅರ್ಥ. ಯಾವ ಪ್ರಯೋಜನವೂ ಇಲ್ಲದ 20 ಉಪಾಯಗಳನ್ನು ಒಂದೊಂದಾಗಿ ಪರೀಕ್ಷಿಸಿದರೆ ಕನಿಷ್ಠ ಒಂದಾದರೂ ಗೆರೆ ದಾಟುವ ಸಾಧ್ಯತೆ ನೂರಕ್ಕೆ 64. ಹತ್ತೊಂಬತ್ತನ್ನು ಮುಚ್ಚಿಟ್ಟು ಒಂದನ್ನು ಮಾತ್ರ ಪ್ರಕಟಿಸಿದರೆ ಅದು ಹೊಸ ಆವಿಷ್ಕಾರದಂತೆ ಮೆರೆಯುತ್ತದೆ.

ಎಚ್ಚರಿಕೆಯ ಮಾತುಗಳು ಬಂದಿರಲಿಲ್ಲವೆಂದಲ್ಲ. ಅಮೆರಿಕದ ಮನಃಶಾಸ್ತ್ರಜ್ಞ ಜೇಕಬ್ ಕೋಹೆನ್ 1962ರಲ್ಲಿ ಒಂದು ಪ್ರಮುಖ ಪತ್ರಿಕೆಯ ಒಂದು ವರ್ಷದ ಲೇಖನಗಳನ್ನು ತೂಗಿ ನೋಡಿದ. ಗುಂಪುಗಳು ಎಷ್ಟು ಚಿಕ್ಕವಾಗಿದ್ದವೆಂದರೆ, ಮಧ್ಯಮ ಗಾತ್ರದ ನಿಜವಾದ ಪರಿಣಾಮ ಇದ್ದರೂ ಅದನ್ನು ಪತ್ತೆಹಚ್ಚುವ ಅವಕಾಶ ಸುಮಾರು ಅರ್ಧದಷ್ಟೇ. ನಾಣ್ಯ ಚಿಮ್ಮಿದ ಹಾಗೆ. ಕೊನೆಗೆ 2015ರಲ್ಲಿ ಹಲವು ದೇಶಗಳ ಸಂಶೋಧಕರು ಒಟ್ಟಾಗಿ ಮನಃಶಾಸ್ತ್ರದ 100 ಪ್ರಕಟಿತ ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದರು. ಮೂಲದಲ್ಲಿ ನೂರಕ್ಕೆ 97 ಗೆರೆ ದಾಟಿದ್ದವು. ಮರುಪ್ರಯೋಗದಲ್ಲಿ ದಾಟಿದ್ದು ನೂರಕ್ಕೆ 36. ಮರುವರ್ಷ, 2016ರಲ್ಲಿ, ಅಮೆರಿಕದ ಸಂಖ್ಯಾಶಾಸ್ತ್ರ ಸಂಘವು ಈ ಒಂದು ಗೆರೆಯನ್ನೇ ನಂಬಿ ತೀರ್ಮಾನಕ್ಕೆ ಬರಬಾರದೆಂದು ಹೇಳಿಕೆ ಹೊರಡಿಸಿತು.

ಸರಾಸರಿಯೂ ಮನುಷ್ಯರೂ

ಗೆರೆ ದಾಟಿದ ಅಂತರ ನಿಜವೇ ಆಗಿದ್ದರೂ ಅದು ದೊಡ್ಡದೆಂದು ಅರ್ಥವಲ್ಲ. ಬುದ್ಧಿಮಾಪನ ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಸರಾಸರಿಯನ್ನು 100, ಮಾನಕ ವಿಚಲನೆಯನ್ನು 15 ಎಂದು ಇಟ್ಟಿರುತ್ತಾರೆ. ಎರಡು ಗುಂಪುಗಳ ಸರಾಸರಿಯಲ್ಲಿ ಒಂದೇ ಒಂದು ಅಂಕದ ಅಂತರವಿದೆ ಎಂದುಕೊಳ್ಳಿ. ಗುಂಪಿಗೆ ಹತ್ತು ಮಂದಿಯಿದ್ದರೆ ಟಿ ಬೆಲೆ ಸುಮಾರು 0.15, ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಗುಂಪಿಗೆ 5000 ಮಂದಿಯಿದ್ದರೆ ಅದೇ ಒಂದು ಅಂಕಕ್ಕೆ ಟಿ ಬೆಲೆ 3.3, ‘ಅಂತರ ಸಾರ್ಥಕ’ ಎಂದು ಬರೆಯಬಹುದು. ಆದರೆ ಎರಡೂ ಗುಂಪುಗಳಿಂದ ಒಬ್ಬೊಬ್ಬರನ್ನು ಕರೆದು ಎದುರುಬದುರು ನಿಲ್ಲಿಸಿದರೆ ಹೆಚ್ಚು ಸರಾಸರಿಯ ಗುಂಪಿನವರು ಮುಂದಿರುವುದು ನೂರಕ್ಕೆ 52 ಸಲ ಮಾತ್ರ. ಇಂಥ ಅಂತರವನ್ನು ಹಿಡಿದುಕೊಂಡು ಕೆಲಸಕ್ಕೋ ಕಾಲೇಜಿಗೋ ಬಂದ ಒಬ್ಬ ಹುಡುಗಿಯ ಯೋಗ್ಯತೆಯನ್ನು ನಿರ್ಧರಿಸುವುದು ಶುದ್ಧ ಅನ್ಯಾಯ. ‘ಸಾರ್ಥಕ’ ಎಂಬ ಪಾರಿಭಾಷಿಕ ಪದ ಮಾಡಿರುವ ಹಾನಿ ಇಲ್ಲಿಯೇ. ಕೇಳುವವರ ಕಿವಿಗೆ ಅದು ‘ಮುಖ್ಯ’ ಎಂದು ಬೀಳುತ್ತದೆ.

ಮನುಷ್ಯರನ್ನು ಒಂದೇ ಅಳತೆಯಿಂದ ತೂಗುವುದು ಸಾಲದೆಂಬ ಅರಿವಿನಿಂದ ಈ ಶಾಸ್ತ್ರ ಇನ್ನೊಂದು ದಿಕ್ಕಿಗೂ ಬೆಳೆಯಿತು. ಹಲವು ಅಳತೆಗಳನ್ನು ಒಟ್ಟಿಗೆ ಇಟ್ಟುಕೊಂಡು ಎರಡು ಗುಂಪುಗಳನ್ನು ಹೋಲಿಸುವ ಸೂತ್ರವನ್ನು 1931ರಲ್ಲಿ ಹೆರಾಲ್ಡ್ ಹೋಟೆಲಿಂಗ್ ರೂಪಿಸಿದ. ಕಲ್ಕತ್ತೆಯಲ್ಲಿ ಪಿ. ಸಿ. ಮಹಲನೋಬಿಸ್ ಗುಂಪು ಗುಂಪಿನ ನಡುವಿನ ದೂರವನ್ನು ಅಳೆಯುವ ಕ್ರಮ ಕಟ್ಟಿದರು. ಅವರ ಗರಡಿಯಲ್ಲಿ ಪಳಗಿದ ಸಿ. ಆರ್. ರಾವ್ ಹುಟ್ಟಿದ್ದು 1920ರಲ್ಲಿ, ಈಗ ವಿಜಯನಗರ ಜಿಲ್ಲೆಗೆ ಸೇರಿರುವ ಹೂವಿನಹಡಗಲಿಯಲ್ಲಿ. 1946ರಲ್ಲಿ ಕೇಂಬ್ರಿಜ್‌ಗೆ ಹೋದ ಅವರು ಸುಡಾನಿನ ಜೆಬೆಲ್ ಮೋಯಾದಲ್ಲಿ ದೊರೆತ ಪ್ರಾಚೀನ ಅಸ್ಥಿಗಳ ಅಳತೆಗಳನ್ನು ವಿಶ್ಲೇಷಿಸಿದರು. ಫಿಶರ್‌ನ ಮಾರ್ಗದರ್ಶನದಲ್ಲಿಯೇ ಡಾಕ್ಟರೇಟ್ ಪಡೆದರು. 2023ರಲ್ಲಿ ತೀರಿಕೊಳ್ಳುವ ಕೆಲವೇ ತಿಂಗಳ ಮುಂಚೆ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಅವರಿಗೆ ಸಂದಿತು.

ಇಂದು ಟಿ ಬೆಲೆಯನ್ನು ಕಂಪ್ಯೂಟರ್ ಕಣ್ಣು ಮಿಟುಕಿಸುವಷ್ಟರಲ್ಲಿ ಹೇಳುತ್ತದೆ. ಎರಡು ಗುಂಪುಗಳ ಏರುಪೇರು ಸಮನಾಗಿಲ್ಲದಾಗ ಬಳಸಬೇಕಾದ, ವೆಲ್ಚ್ ಎಂಬಾತ 1947ರಲ್ಲಿ ಕೊಟ್ಟ ತಿದ್ದುಪಡಿಯನ್ನೂ ಅದೇ ಮಾಡಿಕೊಡುತ್ತದೆ. ಕಂಪ್ಯೂಟರ್ ಹೇಳದ ಸಂಗತಿಗಳನ್ನು ಓದುಗರೇ ಕೇಳಬೇಕು. ‘ಇವರಿಗಿಂತ ಅವರು ಮೇಲು ಎಂದು ಅಧ್ಯಯನದಿಂದ ತಿಳಿದುಬಂದಿದೆ’ ಎಂಬ ಸುದ್ದಿ ಕಂಡಾಗ ನಾಲ್ಕು ಪ್ರಶ್ನೆ ಸಾಕು. ಗುಂಪಿನಲ್ಲಿ ಎಷ್ಟು ಜನರಿದ್ದರು? ಯಾರು ಯಾವ ಗುಂಪಿಗೆ ಸೇರಬೇಕೆಂದು ತೀರ್ಮಾನಿಸಿದ್ದು ಹೇಗೆ? ಅಂತರ ಎಷ್ಟು ದೊಡ್ಡದು? ಮತ್ತೆ ಮಾಡಿ ನೋಡಿದವರಿಗೂ ಅದೇ ಕಂಡಿತೇ?

ಗೊಸೆಟ್ ತನ್ನ ವೃತ್ತಿಜೀವನವನ್ನೆಲ್ಲ ಅದೇ ಬಿಯರ್ ಕಂಪನಿಯಲ್ಲಿ ಕಳೆದ. 1935ರಲ್ಲಿ ಅದರ ಹೊಸ ಲಂಡನ್ ಕಾರ್ಖಾನೆಯ ಹೊಣೆ ಹೊತ್ತು, ಎರಡು ವರ್ಷಗಳ ತರುವಾಯ 61ನೆಯ ವಯಸ್ಸಿನಲ್ಲಿ ತೀರಿಕೊಂಡ. 1931ರಲ್ಲಿ ಹಾಲಿನ ಪ್ರಯೋಗವನ್ನು ವಿಮರ್ಶಿಸಿ ಬರೆದಾಗಲೂ, ಜಗತ್ತಿನ ಸಂಖ್ಯಾಶಾಸ್ತ್ರಜ್ಞರೆಲ್ಲ ಆತನ ಮಾತಿಗೆ ಕಿವಿಗೊಡುತ್ತಿದ್ದ ಕಾಲದಲ್ಲೂ, ಲೇಖನದ ಮೇಲಿದ್ದ ಹೆಸರು ‘ಸ್ಟೂಡೆಂಟ್’ ಎಂದೇ.